‘9/11 ರೆಡಿ, ಕ್ಲಿಯರ್ ಟೈಟಲ್, ಎರಡು ವರ್ಷದಲ್ಲಿ ಡಬಲ್’: ಜಾಗದ ಮೆಸೇಜಿನಲ್ಲಿ ಎಷ್ಟು ನಿಜ?

“ಅಂಬಲಪಾಡಿ ಜಂಕ್ಷನ್‌ನಿಂದ ಎರಡೇ ನಿಮಿಷ. 5 ಸೆಂಟ್ಸ್ ಜಾಗ. 9/11 ರೆಡಿ, ಕ್ಲಿಯರ್ ಟೈಟಲ್, ಬ್ಯಾಂಕ್ ಲೋನ್ ಸಿಗುತ್ತದೆ. ಎರಡು ವರ್ಷದಲ್ಲಿ ಡಬಲ್. ಕೆಲವೇ ಸೈಟ್ ಬಾಕಿ, ಇವತ್ತೇ ಟೋಕನ್ ಕೊಡಿ.”

ಇದು ಯಾರೋ ಒಬ್ಬರ ಜಾಹೀರಾತಲ್ಲ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಡೆಯವರ ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡುವ ಮೆಸೇಜುಗಳ ಒಂದು ಮಾದರಿ. ಇಂಥ ಮೆಸೇಜನ್ನು ಫಾರ್ವರ್ಡ್ ಮಾಡುವವರಲ್ಲಿ ಹೆಚ್ಚಿನವರಿಗೆ ಮೋಸದ ಉದ್ದೇಶ ಇರುವುದಿಲ್ಲ. ಆದರೆ ಮುಂಬೈಯಲ್ಲೋ ದುಬೈಯಲ್ಲೋ ಹತ್ತು ವರ್ಷ ದುಡಿದು ಉಳಿಸಿದ ಹಣ ಮೊದಲ ಸಲ ಜಾಗಕ್ಕೆ ಇಳಿಯುವುದು ಹೀಗೊಂದು ಮೆಸೇಜಿನಿಂದಲೇ. ಆದ್ದರಿಂದ ಇದರ ಒಂದೊಂದೇ ಮಾತನ್ನು ಬಿಡಿಸಿ ನೋಡೋಣ.

‘ಜಂಕ್ಷನ್‌ನಿಂದ ಎರಡೇ ನಿಮಿಷ’ ಎಂಬುದಕ್ಕೆ ಹೆಚ್ಚು ಹೊತ್ತು ಬೇಡ. ರಾಷ್ಟ್ರೀಯ ಹೆದ್ದಾರಿ 66 ಅಂಬಲಪಾಡಿಯನ್ನು ಸೀಳಿಕೊಂಡು ಹೋಗುತ್ತದೆ, ನಿಜ. ಆದರೆ ಜಾಗದ ಬೆಲೆ ನಿಲ್ಲುವುದು ಹೆದ್ದಾರಿಯಿಂದ ನಿಮ್ಮ ಬೇಲಿಯವರೆಗಿನ ಕೊನೆಯ ನೂರು ಮೀಟರಿನಲ್ಲಿ. ಆ ದಾರಿ ಪಂಚಾಯತ್ ರಸ್ತೆಯೋ, ಪಕ್ಕದ ಮನೆಯವರ ಖಾಸಗಿ ಜಾಗವೋ, ಗದ್ದೆಯ ಹುಣಿಯೋ ಎಂಬುದನ್ನು ಸರ್ವೆ ನಕ್ಷೆಯಲ್ಲಿ ನೋಡಿ. “ನಾವು ಮೊದಲಿನಿಂದ ಹೀಗೇ ಹೋಗುವುದು” ಎಂಬುದು ಕ್ರಯಪತ್ರದಲ್ಲಿ ಬರೆದ ದಾರಿ ಹಕ್ಕಿಗೆ ಸಮ ಅಲ್ಲ.

‘5 ಸೆಂಟ್ಸ್’ ಎಂದರೆ 2,178 ಚದರ ಅಡಿ. ಒಂದು ಎಕರೆಗೆ 100 ಸೆಂಟ್ಸ್, ಒಂದು ಸೆಂಟ್ಸ್‌ಗೆ 435.6 ಚದರ ಅಡಿ. ಘಟ್ಟದ ಮೇಲಿನವರು ಗುಂಟೆಯಲ್ಲಿ ಮಾತಾಡುತ್ತಾರೆ. ಒಂದು ಗುಂಟೆ 1,089 ಚದರ ಅಡಿ, ಅಂದರೆ ಎರಡೂವರೆ ಸೆಂಟ್ಸ್. ದೊಡ್ಡ ಸರ್ವೆ ನಂಬರಿನಿಂದ ತುಂಡು ಮಾಡಿ ಮಾರುತ್ತಿದ್ದರೆ 11ಇ ನಕ್ಷೆ ಕೇಳಿ. ಆಮೇಲೆ ಸರ್ವೆಯವರನ್ನು ಕರೆಸಿ ನಿಮ್ಮೆದುರೇ ಅಳತೆ ಮಾಡಿಸಿ. ಕಲ್ಲು ಹಾಕಿದ ಗಡಿಯೂ ಕಾಗದದ ಗಡಿಯೂ ಬೇರೆ ಬೇರೆ ಇರುವುದು ನಮ್ಮಲ್ಲಿ ಅಪರೂಪವೇನಲ್ಲ.

‘9/11 ರೆಡಿ’ ಎಂದರೆ ಹಕ್ಕು ಸಾಬೀತಾಯಿತೇ?

ಇಲ್ಲ. ಇದು ಕರಾವಳಿಯಲ್ಲಿ ಅತಿ ಹೆಚ್ಚು ತಪ್ಪಾಗಿ ತಿಳಿದಿರುವ ವಿಷಯ. ನಮೂನೆ 9 ಮತ್ತು 11ಎ ಗ್ರಾಮ ಪಂಚಾಯತಿಯು ಇ-ಸ್ವತ್ತು ವ್ಯವಸ್ಥೆಯಲ್ಲಿ ಕೊಡುವ ದಾಖಲೆಗಳು. ಈ ಆಸ್ತಿ ಪಂಚಾಯತಿಯ ಪುಸ್ತಕದಲ್ಲಿದೆ, ಇಂಥವರ ಹೆಸರಿನಲ್ಲಿದೆ, ತೆರಿಗೆ ಇಷ್ಟು ಎಂದು ಅವು ಹೇಳುತ್ತವೆ. ಕನ್ವರ್ಶನ್ ಮತ್ತು ವಿನ್ಯಾಸ ಅನುಮೋದನೆ ಇಲ್ಲದ ಆಸ್ತಿಗೆ ಸಿಗುವುದು 11ಬಿ. ನೋಡಲು ಒಂದೇ ಥರ ಇರುತ್ತದೆ, ಬೆಲೆ ಬೇರೆ. ಖಾತೆ ತೆರಿಗೆಗಾಗಿ ಇರುವ ದಾಖಲೆ, ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ ಎಂದು ನ್ಯಾಯಾಲಯಗಳು ಎಷ್ಟೋ ಸಲ ಹೇಳಿವೆ. 9/11 ಇಲ್ಲದಿದ್ದರೆ ರಿಜಿಸ್ಟ್ರೇಶನ್‌ಗೆ ತೊಂದರೆ, ಆದ್ದರಿಂದ ಅದು ಬೇಕೇ ಬೇಕು. ಆದರೆ ಅದು ಬಾಗಿಲು ಮಾತ್ರ, ಮನೆ ಇನ್ನೂ ಒಳಗಿದೆ.

ಅದರ ಹಿಂದೆ ಇರಬೇಕಾದವು ಎರಡು. ಒಂದು, ಭೂ ಕಂದಾಯ ಕಾಯ್ದೆ 1964ರ ಸೆಕ್ಷನ್ 95ರಂತೆ ಕೃಷಿಯಿಂದ ವಾಸಕ್ಕೆ ಕನ್ವರ್ಶನ್ ಆದ ಆದೇಶ. ಇನ್ನೊಂದು, ಯೋಜನಾ ಪ್ರಾಧಿಕಾರದ ನಿವೇಶನ ಅನುಮೋದನೆ. ಉಡುಪಿ ಸುತ್ತಮುತ್ತ ಅದು ನಗರಾಭಿವೃದ್ಧಿ ಪ್ರಾಧಿಕಾರದ ಕೆಲಸ. ಪ್ರಾಧಿಕಾರದ ವಲಯ ನಕ್ಷೆಯಲ್ಲಿ ಆ ಜಾಗ ಹಸಿರು ವಲಯದಲ್ಲಿದ್ದರೆ “ಕನ್ವರ್ಶನ್ ನಾವು ಮಾಡಿಸಿಕೊಡುತ್ತೇವೆ” ಎಂಬ ಮಾತಿಗೆ ಹಣ ಕೊಡಬೇಡಿ. ಕಾಪು, ಮಲ್ಪೆ ಕಡೆ ಕಡಲ ಬದಿಯಲ್ಲಿ ಅಥವಾ ಉಬ್ಬರದ ನೀರು ಬರುವ ಹೊಳೆಯ ದಡದಲ್ಲಿ ಜಾಗವಾದರೆ ಇದರ ಮೇಲೆ ಸಿಆರ್‌ಝಡ್ ನಿಯಮವೂ ಇದೆ. ಸಮುದ್ರದ ಉಬ್ಬರ ಗೆರೆಯಿಂದ 500 ಮೀಟರ್ ಒಳಗಿನ ಜಾಗಕ್ಕೆ ಅದು ತಗಲುತ್ತದೆ.

‘ಕ್ಲಿಯರ್ ಟೈಟಲ್’: ಇಲ್ಲಿ ನಿಧಾನ ಮಾಡಿ

ಬೆಂಗಳೂರಿನ ಯೂಟ್ಯೂಬ್ ವಿಡಿಯೋ ನೋಡಿ ಜಾಗ ಕೊಳ್ಳಲು ಹೊರಟವರು ನಮ್ಮಲ್ಲಿ ಎಡವುವುದು ಇಲ್ಲೇ. ಕರಾವಳಿಯ ಜಮೀನಿಗೆ ತನ್ನದೇ ಚರಿತ್ರೆ ಇದೆ, ಅದರ ಪರಿಭಾಷೆಯೂ ಬೇರೆ.

ಮೊದಲನೆಯದು ಡಿಕ್ಲರೇಶನ್. ಭೂಸುಧಾರಣಾ ಕಾಯ್ದೆಯಂತೆ 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಭೂನ್ಯಾಯ ಮಂಡಳಿಯ ಮೂಲಕ ಒಕ್ಕಲುಗಳಿಗೆ ಬಂದವು. ಆಗ ಉಡುಪಿ ಇನ್ನೂ ದಕ್ಷಿಣ ಕನ್ನಡದ ಭಾಗ, ಜಿಲ್ಲೆಯಾದದ್ದು 1997ರಲ್ಲಿ. ಹೀಗಾಗಿ ಇಲ್ಲಿನ ಎಷ್ಟೋ ಗದ್ದೆ, ತೋಟಗಳ ಮೂಲ ದಾಖಲೆ ಕ್ರಯಪತ್ರವಲ್ಲ, ಮಂಡಳಿಯ ಆದೇಶ ಮತ್ತು ನಮೂನೆ 10. ಅವೆರಡರ ನಕಲು ಕೇಳಿ. ಇನ್ನೂ ಮುಖ್ಯವಾದದ್ದು: ಡಿಕ್ಲರೇಶನ್ ಅಜ್ಜನ ಹೆಸರಿಗೆ ಆಗಿದ್ದರೂ ಗೇಣಿ ಮಾಡುತ್ತಿದ್ದದ್ದು ಇಡೀ ಕುಟುಂಬವಾದರೆ, ಆ ಜಾಗ ಕುಟುಂಬದ್ದೇ ಎಂದು ಉಳಿದವರು ಪಾಲು ಕೇಳಬಹುದು. ಪಹಣಿಯಲ್ಲಿ ಒಂದೇ ಹೆಸರಿದೆ ಎಂದು ಸಮಾಧಾನಪಡುವ ಹಾಗಿಲ್ಲ.

ಎರಡನೆಯದು ಅಳಿಯಸಂತಾನ. ತಾಯಿಯ ಕಡೆಯಿಂದ ಹಕ್ಕು ಬರುವ ಕುಟುಂಬಗಳ ಹಳೆಯ ಪಾಲುಪಟ್ಟಿಗಳಲ್ಲಿ ‘ಕವರು’, ‘ನಿಸ್ಸಂತತಿ ಕವರು’ ಎಂಬ ಪದಗಳು ಸಿಗುತ್ತವೆ. ನಿಸ್ಸಂತತಿ ಕವರಿನವರಿಗೆ ಬಂದ ಪಾಲು ಕೆಲವೊಮ್ಮೆ ಅವರ ಜೀವಮಾನಕ್ಕೆ ಮಾತ್ರ ಇದ್ದದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆ ಲೆಕ್ಕ ಬದಲಾಗಿದೆ, ಆದರೆ ಹೇಗೆ ಬದಲಾಗಿದೆ ಎಂಬುದು ಯಾರು ಯಾವಾಗ ತೀರಿಕೊಂಡರು ಎಂಬುದರ ಮೇಲೆ ನಿಂತಿದೆ. ಆ ಪದ ಕಣ್ಣಿಗೆ ಬಿದ್ದರೆ ಪಾಲುಪಟ್ಟಿಯನ್ನು ಸೀದಾ ಇಲ್ಲಿನ ಸಿವಿಲ್ ವಕೀಲರ ಹತ್ತಿರ ಒಯ್ಯಿರಿ. ಮಕ್ಕಳ ಕಟ್ಟು ಕುಟುಂಬಗಳಲ್ಲೂ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲಿದೆ. 2005ರ ತಿದ್ದುಪಡಿಗೂ ಮೊದಲು ತಂದೆ ತೀರಿಕೊಂಡಿದ್ದರೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. “ಅಕ್ಕ ಮದುವೆಯಾಗಿ ಪುಣೆಯಲ್ಲಿದ್ದಾಳೆ, ಅವಳದ್ದೇನೂ ಇಲ್ಲ” ಎಂದು ಮಾರುವವರು ಹೇಳಿದರೆ, ಆ ಅಕ್ಕನ ಸಹಿ ಕ್ರಯಪತ್ರದಲ್ಲಿ ಬೇಕು. ಪಾಲುದಾರರಲ್ಲಿ ಅಪ್ರಾಪ್ತ ಮಕ್ಕಳಿದ್ದು ಅವರ ಸ್ವಂತ ಪಾಲು ಮಾರುವುದಾದರೆ ಕೋರ್ಟಿನ ಅನುಮತಿ ಬೇಕು.

ಮೂರನೆಯದು ಕುಮ್ಕಿ. “ವರ್ಗ 40 ಸೆಂಟ್ಸ್, ಕುಮ್ಕಿ ಸೇರಿ ಒಂದು ಎಕರೆ” ಎಂದು ಹೇಳಿ ಒಂದು ಎಕರೆಯ ಬೆಲೆ ಕೇಳುವವರಿದ್ದಾರೆ. ಕುಮ್ಕಿ ಎಂದರೆ ವರ್ಗ ಜಾಗದ ಸುತ್ತ ನೂರು ಗಜದೊಳಗಿನ ಸರ್ಕಾರಿ ಜಾಗ. ಅಲ್ಲಿಂದ ಸೊಪ್ಪು, ಸೌದೆ, ಮೇವು ತರುವ ಸೌಲಭ್ಯ ವರ್ಗದಾರನಿಗಿದೆ, ಮಾಲೀಕತ್ವ ಇಲ್ಲ. ನೀವು ಅದಕ್ಕೆ ಹಣ ಕೊಟ್ಟರೆ ಸರ್ಕಾರದ ಜಾಗವನ್ನು ಇನ್ನೊಬ್ಬರಿಂದ ಕೊಂಡಂತೆ. ಡಿ.ಸಿ. ಮನ್ನಾ ಜಾಗದ ವಿಷಯವೂ ಗಂಭೀರ. ಅದು ಬ್ರಿಟಿಷರ ಕಾಲದಿಂದ ಶೋಷಿತ ವರ್ಗಗಳಿಗೆಂದು ಕಾದಿರಿಸಿದ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಆ ಕ್ರಯವೇ ಅಸಿಂಧು. 2023ರ ತಿದ್ದುಪಡಿಯ ನಂತರ, ತಡವಾಯಿತು ಎಂಬ ಕಾರಣಕ್ಕೆ ಅವರ ಅರ್ಜಿ ಬಿದ್ದುಹೋಗುವುದಿಲ್ಲ. ಅದು ಅವರ ನ್ಯಾಯವಾದ ಹಕ್ಕು, ಕೊಳ್ಳುವವರು ಅಲ್ಲಿಂದ ದೂರ ಇರುವುದೇ ಸರಿ.

ಪೇಟೆಯ ಹಳೆಯ ಜಾಗಗಳಲ್ಲಿ ಮೂಲಗೇಣಿಯೂ ಇದೆ. ಒಕ್ಕಲು ತಲೆಮಾರುಗಳಿಂದ ಇದ್ದು ಮನೆ ಕಟ್ಟಿರುತ್ತಾರೆ, ಆದರೆ ಮೂಲದಾರರು ಬೇರೆ. ಇವರಿಗೆ ಮಾಲೀಕತ್ವ ಕೊಡಲೆಂದೇ 2011ರಲ್ಲಿ ಕಾಯ್ದೆ ಬಂತು. ಮಾರುವವರು ಆ ಕ್ರಮ ಮುಗಿಸಿದ್ದಾರೋ, ಮೂಲಗೇಣಿ ಹಕ್ಕನ್ನಷ್ಟೇ ಮಾರುತ್ತಿದ್ದಾರೋ ಕೇಳಿ. ಎರಡಕ್ಕೂ ಒಂದೇ ಬೆಲೆ ಆಗಬಾರದು.

‘ಇಸಿ ಕ್ಲೀನ್ ಇದೆ’ ಎಂದು ತೋರಿಸುತ್ತಾರೆ. ಕಾವೇರಿ ತಾಣದಲ್ಲಿ ನೀವೇ ತೆಗೆಯಬಹುದು, ಒಳ್ಳೆಯದು. ಆದರೆ ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ಅಗ್ರಿಮೆಂಟ್, ಮರಣಶಾಸನ, ಬಾಯಿಮಾತಿನ ಪಾಲು, ಕೋರ್ಟಿನಲ್ಲಿರುವ ದಾವೆ ಅಲ್ಲಿ ಕಾಣದೇ ಹೋಗಬಹುದು. ಆದ್ದರಿಂದ ಪಹಣಿಯ 9ನೇ ಕಾಲಂನಲ್ಲಿ ಹೆಸರು ನೋಡಿದಂತೆ 11ನೇ ಕಾಲಂನಲ್ಲಿ ಸಾಲ ಮತ್ತು ಇತರ ಹಕ್ಕುಗಳನ್ನೂ ನೋಡಿ. ಜಾಗದೊಳಗೆ ನಾಗಬನವಿದ್ದರೆ ಯಾವ ಕುಟುಂಬದ್ದು, ಅಲ್ಲಿಗೆ ಬರುವ ದಾರಿ ಯಾವುದು ಎಂದೂ ಕೇಳಿ. ಇದು ನಂಬಿಕೆಯ ಪ್ರಶ್ನೆ ಮಾತ್ರವಲ್ಲ. ವರ್ಷಕ್ಕೊಮ್ಮೆ ತಂಬಿಲಕ್ಕೆ ಬರುವ ಮೂವತ್ತು ಮನೆಯವರ ಜೊತೆ ನೀವು ಬದುಕಬೇಕು.

‘ಬ್ಯಾಂಕ್ ಲೋನ್ ಸಿಗುತ್ತದೆ’ ಎಂಬುದು ಅರ್ಧ ಭರವಸೆ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಣದ ಸುರಕ್ಷತೆಯನ್ನು. ನಿಮ್ಮ ಪರವಾಗಿ ನೋಡಲು ಬೇರೆ ವಕೀಲರಿಗೆ ಕೆಲವು ಸಾವಿರ ಕೊಡುವುದು ಈ ಇಡೀ ವ್ಯವಹಾರದ ಅತಿ ಅಗ್ಗದ ಖರ್ಚು.

ಜಾಗವನ್ನು ಮಳೆಗಾಲದಲ್ಲಿ ನೋಡಿ

ನಮ್ಮ ಹಿರಿಯರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ನೀರು ನೋಡಿಯೇ ಹೆಸರಿಸಿದ್ದರು. ಬೈಲು ತಗ್ಗು, ಸದಾ ನೀರು; ಮಜಲು ನಡು; ಬೆಟ್ಟು ಎತ್ತರ. ಮಾರ್ಚಿನಲ್ಲಿ ಕೆಂಪು ಮಣ್ಣು ತುಂಬಿಸಿ ಸಮ ಮಾಡಿದ ಬೈಲು ಗದ್ದೆ ಚೆಂದದ ಲೇಔಟಿನಂತೆಯೇ ಕಾಣುತ್ತದೆ. ಜುಲೈಯಲ್ಲಿ ನೀರಿಗೆ ಹಳೆಯ ದಾರಿ ನೆನಪಾಗುತ್ತದೆ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೆರೆ ಬಂದಾಗ ಇದನ್ನು ಎಷ್ಟೋ ಮನೆಯವರು ಕಂಡರು. ತೋಡು ಮುಚ್ಚಿದ ಗುರುತಿದೆಯೇ, ಪಕ್ಕದ ಬಾವಿಯ ನೀರು ಏಪ್ರಿಲ್‌ನಲ್ಲಿ ಉಪ್ಪಾಗುತ್ತದೆಯೇ ಎಂದು ನೆರೆಮನೆಯ ಅಜ್ಜಿಯನ್ನು ಕೇಳಿ. ಬ್ರೋಕರ್ ಹೇಳದ್ದನ್ನು ಅವರು ಹೇಳುತ್ತಾರೆ.

‘ಡಬಲ್’ ಎಂಬ ಲೆಕ್ಕ

“ಹದಿನೈದು ವರ್ಷದ ಹಿಂದೆ 10 ಲಕ್ಷಕ್ಕೆ ಕೊಂಡದ್ದು ಈಗ 30 ಲಕ್ಷ” ಎಂದು ಯಾರಾದರೂ ಹೇಳಿದರೆ ನಮಗೆ ಬೆರಗು. ಇದನ್ನು ವರ್ಷದ ಬಡ್ಡಿಯ ಲೆಕ್ಕಕ್ಕೆ ಇಳಿಸಿದರೆ ಶೇ 7.6. ಖರ್ಚು ಇನ್ನೂ ಕಳೆದಿಲ್ಲ. ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಶೇ 0.65, ನೋಂದಣಿ ಶುಲ್ಕ ಶೇ 2. ಒಟ್ಟು ಶೇ 7.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಇವತ್ತಿನ ಈ ದರದಲ್ಲಿ 10 ಲಕ್ಷದ ಜಾಗಕ್ಕೆ ವಕೀಲರು, ಸರ್ವೆ, ಬೇಲಿ ಎಲ್ಲ ಸೇರಿ ಹನ್ನೊಂದೂವರೆ ಲಕ್ಷ ಬೀಳುತ್ತದೆ ಎಂದಿಟ್ಟುಕೊಳ್ಳಿ. ಮಾರುವಾಗ ಬ್ರೋಕರ್‌ಗೆ ಶೇ 2, ಲಾಭದ ಮೇಲೆ ಶೇ 12.5 ತೆರಿಗೆ ಮತ್ತು ಅದರ ಸೆಸ್ ಕಳೆದರೆ ಕೈಗೆ ಬರುವುದು ಸುಮಾರು 27 ಲಕ್ಷ. ವರ್ಷಕ್ಕೆ ಶೇ 5.9ರಷ್ಟಾಯಿತು. ನಷ್ಟ ಅಲ್ಲ, ಆದರೆ ‘ಜಾಗದಷ್ಟು ಲಾಭ ಬೇರೆಲ್ಲೂ ಇಲ್ಲ’ ಎಂಬ ಮಾತಿಗೆ ಇದು ಹೊಂದುವುದಿಲ್ಲ. ಎರಡು ವರ್ಷದಲ್ಲಿ ಡಬಲ್ ಆಗಬೇಕಾದರೆ ವರ್ಷಕ್ಕೆ ಶೇ 41ರಂತೆ ಬೆಲೆ ಏರಬೇಕು. ಜೊತೆಗೆ ತುರ್ತಾಗಿ ಆಸ್ಪತ್ರೆ ಖರ್ಚು ಬಂದರೆ ಜಾಗದಿಂದ ಅರ್ಧ ಸೆಂಟ್ಸ್ ಕತ್ತರಿಸಿ ಮಾರಲು ಬರುವುದಿಲ್ಲ.

ಆದ್ದರಿಂದ ಮೊದಲ ಬಾರಿಗೆ ಕೊಳ್ಳುವವರು ಆರು ತಿಂಗಳ ಮನೆಖರ್ಚು ಬೇರೆ ಇಟ್ಟು, ಹತ್ತು ವರ್ಷ ಮುಟ್ಟಬೇಕಿಲ್ಲದ ಹಣವನ್ನಷ್ಟೇ ಇದಕ್ಕೆ ಇಳಿಸಿ. ಮಣಿಪಾಲದಲ್ಲಿ ಫ್ಲ್ಯಾಟ್ ಕೊಂಡು ವಿದ್ಯಾರ್ಥಿಗಳಿಗೆ ಬಾಡಿಗೆ ಕೊಡುವ ಯೋಚನೆ ಇದ್ದರೆ ವರ್ಷಕ್ಕೆ ಹನ್ನೆರಡು ತಿಂಗಳ ಬಾಡಿಗೆ ಲೆಕ್ಕ ಹಾಕಬೇಡಿ. ರಜೆ, ಪೈಂಟ್, ನಿರ್ವಹಣಾ ಶುಲ್ಕ ಕಳೆದು ನೋಡಿ. ಕಟ್ಟುತ್ತಿರುವ ಫ್ಲ್ಯಾಟ್ ಅಥವಾ ಲೇಔಟ್ ಆದರೆ ರೇರಾ ನಂಬರ್ ಕೇಳಿ. 500 ಚದರ ಮೀಟರಿಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳ ಯೋಜನೆಗೆ ನೋಂದಣಿ ಕಡ್ಡಾಯ. ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಅವರು ಪಡೆಯುವಂತಿಲ್ಲ.

ವಿದೇಶದಲ್ಲಿರುವವರಿಗೆ ಒಂದು ಮಾತು. 2020ರಲ್ಲಿ ಕರ್ನಾಟಕದಲ್ಲಿ ಕಾನೂನು ಬದಲಾಗಿ ಯಾರು ಬೇಕಾದರೂ ಕೃಷಿ ಭೂಮಿ ಕೊಳ್ಳಬಹುದು ಎಂಬ ಫಾರ್ವರ್ಡ್ ಗಲ್ಫ್ ಗ್ರೂಪುಗಳಲ್ಲೂ ಓಡಾಡುತ್ತದೆ. ಕೃಷಿಕರಲ್ಲದವರಿಗಿದ್ದ ತಡೆ ಹೋಗಿದ್ದು ನಿಜ. ಆದರೆ ಎನ್‌ಆರ್‌ಐಗಳು ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳಬಾರದು ಎಂಬುದು ಕೇಂದ್ರದ ವಿದೇಶಿ ವಿನಿಮಯ ನಿಯಮ, ಅದು ಹಾಗೇ ಇದೆ. ಮನೆ, ಫ್ಲ್ಯಾಟ್, ಕನ್ವರ್ಶನ್ ಆದ ನಿವೇಶನ ಕೊಳ್ಳಬಹುದು. ಮಾರುವವರಲ್ಲಿ ಒಬ್ಬರು ಎನ್‌ಆರ್‌ಐ ಆಗಿದ್ದರೆ ಅವರ ಪಾಲಿನ ಮೇಲೆ ತೆರಿಗೆ ಕಡಿತ ಮಾಡಿ ಕಟ್ಟುವ ಹೊಣೆ ಕೊಳ್ಳುವವರದ್ದು. 50 ಲಕ್ಷಕ್ಕಿಂತ ಕಡಿಮೆ ವ್ಯವಹಾರವಾದರೂ ಸರಿ.

ಇನ್ನು ‘ಇವತ್ತೇ ಟೋಕನ್’. ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಆದ್ದರಿಂದ ಬ್ಯಾಂಕಿನ ಮೂಲಕವೇ ಕೊಡಿ, ಅದೂ ಮಾಲೀಕರ ಖಾತೆಗೆ, ಬ್ರೋಕರ್ ಖಾತೆಗಲ್ಲ. ದಾಖಲೆ ಸರಿಯಿಲ್ಲದಿದ್ದರೆ ಇಂತಿಷ್ಟು ದಿನದಲ್ಲಿ ಮುಂಗಡ ವಾಪಸ್ ಎಂದು ಬರೆಸಿಕೊಳ್ಳಿ. ಅಗ್ರಿಮೆಂಟನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಅದು ಇಸಿಯಲ್ಲಿ ಕಾಣುತ್ತದೆ, ಅದೇ ಜಾಗಕ್ಕೆ ಇನ್ನೊಬ್ಬರಿಂದ ಮುಂಗಡ ತೆಗೆದುಕೊಳ್ಳುವುದು ಕಷ್ಟವಾಗುತ್ತದೆ. ಪವರ್ ಆಫ್ ಅಟಾರ್ನಿ ಬರೆದುಕೊಟ್ಟು “ಇದೇ ಕ್ರಯ ಇದ್ದ ಹಾಗೆ” ಎಂದರೆ ಒಪ್ಪಬೇಡಿ. ಅದರಿಂದ ಮಾಲೀಕತ್ವ ವರ್ಗಾವಣೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪು ಕೊಟ್ಟಿದೆ. ಅಧಿಕಾರ ಕೊಟ್ಟವರು ವಿದೇಶದಲ್ಲಿದ್ದು, ಅವರ ಪರವಾಗಿ ಇಲ್ಲಿ ಒಬ್ಬರು ಕ್ರಯಪತ್ರಕ್ಕೆ ಸಹಿ ಹಾಕುವುದಾದರೆ ಸಹಿಯ ದಿನ ಆ ಮಾಲೀಕರು ಜೀವಂತ ಇದ್ದಾರೆಯೇ, ಅಧಿಕಾರ ರದ್ದಾಗಿಲ್ಲವೇ ಎಂದು ಅವರಿಗೇ ವಿಡಿಯೋ ಕಾಲ್ ಮಾಡಿ ಕೇಳಿ.