ಗಗನಯಾತ್ರಿಗೆ ಎರವಲ ಬಾಲವೇಕೆ?

ಅಂತರಿಕ್ಷಕ್ಕೆ ಏರುವ ಭಾರತೀಯನನ್ನು ಏನೆಂದು ಕರೆಯತಕ್ಕದ್ದು? ‘ವ್ಯೋಮನಾಟ್’ ಎನ್ನುವವರು ಕೆಲವರು. ‘ಗಗನಾಟ್’ ಎನ್ನುವವರು ಮತ್ತೆ ಕೆಲವರು. ಎರಡನೆಯದನ್ನು ಕೇಳಿದ ಕನ್ನಡಿಗನಿಗೆ, ಇವನು ಆಕಾಶದಲ್ಲಿ ಆಟವಾಡುವವನೋ ಎಂಬ ಶಂಕೆ ಹುಟ್ಟಿದರೆ ತಪ್ಪೇನು? ಈ ಶಬ್ದಗಳ ತಲೆ ಸಂಸ್ಕೃತದ್ದು, ಬಾಲ ಗ್ರೀಕಿನದು.

‘ಆಸ್ಟ್ರೋನಾಟ್’ ಎಂದರೆ ನಕ್ಷತ್ರನಾವಿಕ. 1961ರಲ್ಲಿ ಭೂಪ್ರದಕ್ಷಿಣೆ ಮಾಡಿದ ಯೂರಿ ಗಗಾರಿನನಿಗೆ ಸಂದ ‘ಕಾಸ್ಮೊನಾಟ್’ ಎಂದರೆ ವಿಶ್ವನಾವಿಕ. ಇವೆರಡರಲ್ಲಿಯೂ ತಲೆಬಾಲಗಳು ಗ್ರೀಕಿನವೇ ಆದುದರಿಂದ ಸಮಾಸಕ್ಕೆ ಕುಂದಿಲ್ಲ. ಆಮೇಲೆ ಆ ಬಾಲವನ್ನು ಕಂಡಕಂಡ ಶಬ್ದಕ್ಕೆ ಅಂಟಿಸುವ ಚಾಳಿ ಬೆಳೆಯಿತು. ಚೀನೀಯರಿಗೆ ‘ಟೈಕೊನಾಟ್’ ಎಂಬ ಹೆಸರಾಯಿತು. ಆದರೆ ಅದು ಪರರ ಬಾಯಿಯ ಮಾತು. 2003ರಲ್ಲಿ ಯಾಂಗ್ ಲಿವೇ ಮೇಲೇರಿದಾಗ ಆತನ ನಾಡಿಗರಿಗೆ ಆತನು ‘ಹಾಂಗ್‌ಟಿಯೆನ್‌ಯುವಾನ್’ ಆಗಿದ್ದನು. ಅದು ಅವರ ಸ್ವಂತ ನುಡಿ.

ಬೆರಕೆಯಿಲ್ಲದ ಭಾಷೆಯುಂಟೆ, ‘ರೈಲುಗಾಡಿ’ ಬೆರಕೆಯಲ್ಲವೆ ಎಂದು ಪ್ರತಿವಾದಿಗಳು ಕೇಳಬಹುದು. ನಿಜ. ಸಂಸ್ಕೃತ ಕನ್ನಡಗಳ ಬೆರಕೆಯನ್ನೇ ಅರಿಸಮಾಸವೆಂದು ನಿಷೇಧಿಸಿದ ಕೇಶಿರಾಜನು ಸಹ ಪೂರ್ವಕವಿಗಳ ಪ್ರಯೋಗಕ್ಕೆ ಎಡೆಯಿತ್ತನು. ರೂಢಿಯ ಬಲ ಅಷ್ಟು ದೊಡ್ಡದು. ಆದರೆ ‘ರೈಲುಗಾಡಿ’ಯನ್ನು ಜನರು ಬೇಕಾಗಿ ಬಳಸಿ ಬೆಳೆಸಿದರು. ‘ವ್ಯೋಮನಾಟ್’ಗೆ ಯಾವ ರೂಢಿಯ ಬಲವಿದೆ? ಅದು ಪರದೇಶದ ಓದುಗನ ಕಿವಿಗೆ ಹಿತವಾಗಲೆಂದು ಹೊಸೆದದ್ದು. ಹಳ್ಳಿಯ ಶಾಲೆಯ ಹುಡುಗನಿಗೆ ಅದರಿಂದ ಏನೂ ಹೊಳೆಯದು.

ಇನ್ನೊಂದು ವಿನೋದವುಂಟು. ಗ್ರೀಕಿನ ‘ನಾಟ್’ ಮತ್ತು ಸಂಸ್ಕೃತದ ‘ನೌ’, ‘ನಾವಿಕ’ ಒಂದೇ ಮೂಲದ ಕವಲುಗಳು. ನಾವಿಕನೇ ಬೇಕೆನ್ನುವವರು ‘ವ್ಯೋಮನಾವಿಕ’ ಎನ್ನಲಿ. ಮನೆಯ ಪೆಟ್ಟಿಗೆಯಲ್ಲಿರುವ ಬಟ್ಟೆಯನ್ನೇ ದಾಯಾದಿಯಿಂದ ಎರವಲು ತಂದು ಉಡುವುದೆಂತಹ ಜಾಣತನ?

ಅದೂ ಅಗತ್ಯವಿಲ್ಲ. 2024ರ ಫೆಬ್ರವರಿ 27ರಂದು ತಿರುವನಂತಪುರದಲ್ಲಿ ಗಗನಯಾನಕ್ಕೆ ಆಯ್ಕೆಯಾದ ನಾಲ್ವರ ಹೆಸರುಗಳು ಪ್ರಕಟವಾದವು. ಅವರಲ್ಲೊಬ್ಬರಾದ ಶುಭಾಂಶು ಶುಕ್ಲರು 2025ರ ಜೂನಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಸೇರಿದರು. ಇಸ್ರೊ ಸಂಸ್ಥೆಯೇ ಇವರನ್ನು ‘ಗಗನಯಾತ್ರಿ’ಗಳೆಂದು ಕರೆಯುತ್ತದೆ. ಆ ಶಬ್ದ ಕನ್ನಡದಲ್ಲಿ ಬೇರೂರಿದೆ. ನಿಘಂಟಿನ ನೆರವಿಲ್ಲದೆ ಅಜ್ಜಿಗೂ ಮೊಮ್ಮಗನಿಗೂ ತಿಳಿಯುತ್ತದೆ. ಗಗನಕ್ಕೇರುವ ಸಾಮರ್ಥ್ಯವನ್ನು ಸಾಧಿಸುತ್ತಿರುವ ಜನ ತಮ್ಮ ಸಾಹಸಿಯನ್ನು ತಮ್ಮ ಮಾತಿನಲ್ಲಿ ಕರೆಯಲು ನಾಚಬೇಕಾದ ಕಾರಣವೇನೂ ಇಲ್ಲ. ಪತ್ರಿಕಾಕರ್ತರೂ ಪಠ್ಯಪುಸ್ತಕಕಾರರೂ ಇದನ್ನು ಮನಗಾಣಲಿ.