ಜಾಮೀನು ನಿಲ್ಲುವವರು

ಹೊಸೂರಿನ ಹೊಸ ಬಡಾವಣೆಗಳಲ್ಲಿ ಒಂದೇ ಮನೆಯೊಳಗೆ ಎರಡು ವಲಸೆಗಳು ಸೇರಿಕೊಂಡಿರುವುದನ್ನು ಈಗ ಕಾಣಬಹುದು. ಕೆಳಗೆ ಮಾಲೀಕರ ಸಂಸಾರ. ಕಾರ್ಖಾನೆಯಲ್ಲಿ ಒಂದು ಆಯುಷ್ಯ ದುಡಿದು ಕಟ್ಟಿಸಿದ ಮನೆ ಅದು. ಮೇಲಿನ ಪೋರ್ಷನ್ನಿನಲ್ಲಿ ಒಡಿಶಾದಿಂದಲೋ ಅಸ್ಸಾಮಿನಿಂದಲೋ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕೆಲಸಕ್ಕೆ ಬಂದ ಹುಡುಗರು. ಅವರು ಕೊಡುವ ಬಾಡಿಗೆಗೆ ಬ್ಯಾಂಕಿನ ಸಾಲ ಕೂಡಿಸಿ ಮಾಲೀಕರು ಮಗನನ್ನೋ ಮಗಳನ್ನೋ ಜರ್ಮನಿಗೆ ಓದಲು ಕಳಿಸಿರುತ್ತಾರೆ. ಈ ಊರಿನಲ್ಲಿ ಮನೆ ಹುಡುಕುತ್ತಾ ಅಲೆದಾಗ ಆ ಹುಡುಗರು ಎದುರಿಸಿದ ಪ್ರಶ್ನೆಯನ್ನೇ ಆ ಮಗಳು ಅಲ್ಲಿ ಇನ್ನೊಂದು ಭಾಷೆಯಲ್ಲಿ ಎದುರಿಸುತ್ತಾಳೆ: ನೀನು ಯಾರು, ನಿನ್ನ ಪರವಾಗಿ ಹೇಳುವವರು ಯಾರಿದ್ದಾರೆ?

ಓದಲು ಹೊರಟ ಮಕ್ಕಳಿಗೆ ನಾವು ಚಟ್ನಿಪುಡಿ, ರಾಗಿಹಿಟ್ಟು, ಕುಕ್ಕರು, ಸ್ವೆಟರು ಎಲ್ಲವನ್ನೂ ತೂಕ ನೋಡಿ ಕಟ್ಟಿಕೊಡುತ್ತೇವೆ. ಪೆಟ್ಟಿಗೆಗೆ ಹಾಕಿ ಕಳಿಸಲಾಗದ್ದು ಗುರುತಿನವರ ಮಾತು. ಪರವೂರಿನಲ್ಲಿ ಮೊದಲ ಮನೆ ಹಿಡಿಯುವಾಗ ಕೈಗೆ ಎಟಕದೆ ಹೋಗುವುದು ಅದೇ.

ಜರ್ಮನಿಯನ್ನೇ ನೋಡೋಣ. ವೀಸಾಕ್ಕೆ ಅರ್ಜಿ ಹಾಕುವಾಗಲೇ ವರ್ಷದ ಖರ್ಚಿನ ಹಣವನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು 11,904 ಯೂರೋಗೆ ಏರಿಸಿದರು. ಅದರಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೋ. ಮ್ಯೂನಿಕ್‌ನಂಥ ನಗರದಲ್ಲಿ ಅದರ ದೊಡ್ಡ ಪಾಲನ್ನು ಒಂದು ಕೋಣೆಯ ಬಾಡಿಗೆಯೇ ನುಂಗುತ್ತದೆ. ಹಣ ಇದ್ದರೂ ಮನೆ ಸಿಗುತ್ತದೆಂಬ ಭರವಸೆಯಿಲ್ಲ. ಮಾಲೀಕ ಸಂಬಳದ ಚೀಟಿ ಕೇಳುತ್ತಾನೆ. ಹಿಂದೆ ಸಾಲ ತೀರಿಸಿದ ಬಗೆಯನ್ನು ಹೇಳುವ ಶೂಫಾ ಪತ್ರ ಕೇಳುತ್ತಾನೆ. ನಿನ್ನೆ ವಿಮಾನ ಇಳಿದವರ ಬಳಿ ಎರಡೂ ಇರುವುದಿಲ್ಲ. ಇತ್ತ ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿ ಬೇಕು. ನೋಂದಣಿಯಾಗದೆ ತೆರಿಗೆ ಸಂಖ್ಯೆ ಬರುವುದಿಲ್ಲ, ಆ ಸಂಖ್ಯೆಯಿಲ್ಲದೆ ಅರೆಕಾಲಿಕ ಕೆಲಸದ ಸಂಬಳಕ್ಕೆ ತೊಡಕು. ಮನೆಯಿಲ್ಲದೆ ಕಾಗದವಿಲ್ಲ, ಕಾಗದವಿಲ್ಲದೆ ಮನೆಯಿಲ್ಲ. ಇಪ್ಪತ್ತೆರಡರ ಮಕ್ಕಳು ಈ ಸುತ್ತಿನೊಳಗೆ ಸಿಕ್ಕು, ರಾತ್ರಿ ಫೋನಿನಲ್ಲಿ ಅಮ್ಮನಿಗೆ ‘ಎಲ್ಲ ಸರಿಯಾಗಿದೆ’ ಎನ್ನುತ್ತಾರೆ.

ವಂಚಕರು ನುಗ್ಗುವುದು ಈ ಸಂದಿಯಲ್ಲೇ. ಫೋಟೋದಲ್ಲಿ ಚೆಂದದ ಕೋಣೆ, ಬಾಡಿಗೆಯೂ ಕಡಿಮೆ. ಆದರೆ ಮಾಲೀಕ ಊರಿನಲ್ಲಿಲ್ಲ, ಬೀಗದ ಕೈಯನ್ನು ಕೊರಿಯರಿನಲ್ಲಿ ಕಳಿಸುತ್ತಾನಂತೆ, ಅಡ್ವಾನ್ಸ್ ಮಾತ್ರ ಮೊದಲೇ ಹಾಕಬೇಕಂತೆ. ಮನೆಯನ್ನು ಕಣ್ಣಾರೆ ನೋಡದೆ, ತನ್ನ ಕಡೆಯವರೊಬ್ಬರ ಕೈಯಲ್ಲಿ ನೋಡಿಸದೆ ಒಂದು ಯೂರೋವನ್ನೂ ಕಳಿಸಬಾರದು. ಹೆತ್ತವರು ಬೇರೆ ಯಾವ ಬುದ್ಧಿಮಾತು ಹೇಳದಿದ್ದರೂ ಇದನ್ನು ಹೇಳಲೇಬೇಕು.

ಈ ಊರಿನವರು ಓದಿಗಾಗಿ ಗಡಿ ದಾಟುವುದು ಇಂದು ನಿನ್ನೆಯದಲ್ಲ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ ಹೊಸೂರಿನ ಶಾಲೆಯಲ್ಲಿ ಓದಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು. ಆಗ ಹೊಸೂರು ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಗೆ ಸೇರಿತ್ತು, ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತು. ದಾರಿ ನಲವತ್ತು ಕಿಲೋಮೀಟರಿನದೇ ಆದರೂ ಆಳುವವರು ಬೇರೆ, ಕಾನೂನು ಬೇರೆ. ಆ ಕಾಲೇಜಿನಲ್ಲಿ ಜೊತೆಯಾದ ನವರತ್ನ ರಾಮರಾಯರ ಸ್ನೇಹ ಅವರಿಗೆ ಕೊನೆಯವರೆಗೂ ಉಳಿಯಿತು. ಹಳ್ಳಿಯಿಂದ ಬಂದ ಹುಡುಗ ಮತ್ತೊಂದು ರಾಜ್ಯದಲ್ಲಿ ಬೇರೂರುವುದು ಇಂಥ ಒಬ್ಬ ಗೆಳೆಯನಿಂದ.

ಗಾಂಧೀಜಿಗೂ ಇಂಥ ಆಸರೆ ಬೇಕಾಯಿತು. 1888ರಲ್ಲಿ ಲಂಡನ್ನಿಗೆ ಹೋದಾಗ ಅವರು ಮೊದಲು ಇಳಿದದ್ದು ವಿಕ್ಟೋರಿಯಾ ಹೋಟೆಲಿನಲ್ಲಿ. ಅಲ್ಲಿನ ಬಿಲ್ಲು ಮೂರು ಪೌಂಡು ಬಂದದ್ದನ್ನು ಕಂಡು ಬೆಚ್ಚಿದರು. ಡಾ. ಪ್ರಾಣಜೀವನ ಮೆಹ್ತಾ ಬಂದು ನೋಡಿ, ಅವರನ್ನು ತಮ್ಮ ಗೆಳೆಯರೊಬ್ಬರ ಜೊತೆಗಿರಿಸಿದರು. ಮುಂದೆ ಒಂದು ಕುಟುಂಬದೊಡನೆ ವಾಸ. ಸ್ವಂತ ಕೋಣೆ ಹಿಡಿಯುವ ಧೈರ್ಯ ಬಂದದ್ದು ಅದಾದ ಮೇಲೆ. ಕೆಲಸದ ಜಾಗಕ್ಕೆ ಅರ್ಧ ಗಂಟೆಯಲ್ಲಿ ನಡೆದೇ ಹೋಗುವಷ್ಟು ಹತ್ತಿರದ ಕೋಣೆಯನ್ನು ಲೆಕ್ಕ ಹಾಕಿ ಆರಿಸಿಕೊಂಡರು. ಕಡೆಗೆ ಒಂದೇ ಕೋಣೆ, ಒಂದು ಸ್ಟವ್, ಬೆಳಗ್ಗೆ ಓಟ್ಸ್ ಗಂಜಿ, ದಿನದ ಊಟದ ಖರ್ಚು ಒಂದು ಶಿಲಿಂಗ್ ಮೂರು ಪೆನ್ನಿ. ಇಂದಿನ ವಿದ್ಯಾರ್ಥಿಗಳ ಡೈರಿಯಲ್ಲೂ ಇದೇ ಲೆಕ್ಕಗಳಿವೆ: ಬಸ್ಸಿನ ದುಡ್ಡು ಉಳಿಸುವ ದೂರ, ಸ್ವಂತ ಅಡುಗೆಯ ಉಳಿತಾಯ. ಆದರೆ ಈ ಲೆಕ್ಕಕ್ಕೆ ಮೊದಲು ಅಲ್ಲೊಬ್ಬ ಮೆಹ್ತಾ ಇದ್ದರು ಎಂಬುದನ್ನು ಮರೆಯಬಾರದು.

ಅಂಥ ಮೆಹ್ತಾ ಎಲ್ಲರಿಗೂ ಸಿಗಲಿಲ್ಲ. ಬಿಳಿಯರ ಮನೆಗಳಲ್ಲಿ ಕೋಣೆ ಸಿಗದ ಭಾರತೀಯ ವಿದ್ಯಾರ್ಥಿಗಳಿಗೆ ನೆಲೆಯಾಗಲೆಂದೇ ಶ್ಯಾಮಜಿ ಕೃಷ್ಣವರ್ಮ 1905ರಲ್ಲಿ ಲಂಡನ್ನಿನ ಹೈಗೇಟಿನಲ್ಲಿ ಇಂಡಿಯಾ ಹೌಸ್ ತೆರೆದರು. ಸಾವರ್ಕರರ ಕ್ರಾಂತಿಕಾರಿ ಬಳಗದ ಹೆಸರಿನಿಂದ ನಾವು ಆ ಮನೆಯನ್ನು ನೆನೆಯುತ್ತೇವೆ. ಆದರೆ ಅದು ಮೊದಲಿಗೆ ಒಂದು ಹಾಸ್ಟೆಲು. ಮಲಗಲು ಜಾಗ ಕೊಡದ ಊರಿನ ಸಿಟ್ಟೂ ಅದರ ರಾಜಕೀಯದಲ್ಲಿ ಬೆರೆತಿತ್ತೆಂದು ನಾನು ನಂಬುತ್ತೇನೆ.

ನಮ್ಮ ಕಡೆಯಲ್ಲೂ ಅದೇ ಕಾಲಕ್ಕೆ ಹಾಸ್ಟೆಲುಗಳು ಎದ್ದವು. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಧರ್ಮಛತ್ರ ಬಂತು, ಅದರ ಜೊತೆಗೆ ವಿದ್ಯಾರ್ಥಿನಿಲಯವೂ ಬಂತು. ಒಕ್ಕಲಿಗರ ಸಂಘ ಹುಟ್ಟಿದ್ದು 1906ರಲ್ಲಿ. ಅದೂ ಹಾಸ್ಟೆಲು ನಡೆಸಿತು. ಹಾಸ್ಟೆಲು ಇಲ್ಲದವರು ವಾರಾನ್ನದ ಮೇಲೆ ಓದಿದರು: ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ. ಹಳೆಯ ಮೈಸೂರಿನ ಎಷ್ಟು ಜನ ದೊಡ್ಡವರು ಹೀಗೆ ಉಂಡು ಓದಿದರೆಂದು ನೆನೆದರೆ ಆ ಅನ್ನದ ಋಣಕ್ಕೆ ಇಂದಿಗೂ ತಲೆಬಾಗಬೇಕು. ಈ ಏರ್ಪಾಡಿನಲ್ಲಿ ಜಾತಿಯೇ ಹುಡುಗನ ಜಾಮೀನು. ನಮ್ಮವನು ಎಂದೊಡನೆ ಬಾಗಿಲು ತೆರೆಯುತ್ತಿತ್ತು. ನಮ್ಮವನಲ್ಲದವನು ಬಾಗಿಲಲ್ಲಿ ನಿಂತಾಗ ಏನಾಗುತ್ತಿತ್ತು?

ಅಂಬೇಡ್ಕರ್ 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿಗೆ ಹೋದರು. ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದಲ್ಲಿ ಅವರಿಗೆ ಕೋಣೆ ಸಿಕ್ಕಿತು. ನವಲ್ ಭತೇನಾ ಎಂಬ ಪಾರ್ಸಿ ಗೆಳೆಯ ಸಿಕ್ಕಿದ, ಆಮೇಲೆ ಲಂಡನ್ನಿನಲ್ಲೂ ನೆಲೆ ಸಿಕ್ಕಿತು. 1917ರಲ್ಲಿ ಬರೋಡಾಕ್ಕೆ ಉದ್ಯೋಗಕ್ಕೆಂದು ಬಂದಿಳಿದಾಗ ಮಾತ್ರ ತಂಗಲು ಜಾಗ ಸಿಗಲಿಲ್ಲ. ಒಂದು ಪಾರ್ಸಿ ತಂಗುದಾಣದಲ್ಲಿ ಪಾರ್ಸಿ ಹೆಸರಿನಲ್ಲಿ ಸೇರಿಕೊಂಡರು. ಕೆಲವು ದಿನಗಳಲ್ಲೇ ಗುಟ್ಟು ಬಯಲಾಗಿ, ದೊಣ್ಣೆ ಹಿಡಿದವರ ಗುಂಪು ಮೆಟ್ಟಿಲೇರಿ ಬಂತು. ಮನೆಗೆ ಸೇರಿಸಿಕೊಳ್ಳದಿರಲು ಹಿಂದೂ ಗೆಳೆಯ ಒಂದು ಕಾರಣ ಹೇಳಿದ, ಕ್ರೈಸ್ತ ಗೆಳೆಯ ಇನ್ನೊಂದು ಹೇಳಿದ. ಮುಂಬಯಿಯ ರೈಲಿನ ಹೊತ್ತಾಗುವವರೆಗೆ ಅವರು ಊರಿನ ಉದ್ಯಾನದಲ್ಲಿ ದುಃಖದಿಂದ ಕುಳಿತಿದ್ದರು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ತಮ್ಮ ನೆನಪುಗಳಲ್ಲಿ ಈ ಘಟನೆಯನ್ನು ಅವರೇ ಬರೆದಿದ್ದಾರೆ. ವಿದೇಶದಲ್ಲಿ ಮನೆ ಹುಡುಕುವ ಕಷ್ಟವನ್ನು ಕುರಿತು ಮಾತಾಡುವಾಗಲೆಲ್ಲ ನನಗೆ ಈ ಪುಟಗಳು ಅಡ್ಡ ಬರುತ್ತವೆ. ಎರಡು ಪರದೇಶಗಳಲ್ಲಿ ಚಾವಣಿ ಸಿಕ್ಕ ಮನುಷ್ಯನಿಗೆ ಸ್ವದೇಶದಲ್ಲಿ ತನ್ನ ಹೆಸರಿನಲ್ಲಿ ಒಂದು ರಾತ್ರಿಯ ಚಾವಣಿ ಸಿಗಲಿಲ್ಲ. ಪರದೇಶ ಎಂದು ಕರೆಯಬೇಕಾದದ್ದು ಯಾವುದನ್ನು?

ಪಶ್ಚಿಮವೇನೂ ಪುಣ್ಯಭೂಮಿಯಾಗಿರಲಿಲ್ಲ. ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಾ ‘ಸಂಸ್ಕಾರ’ ಬರೆದ ವರ್ಷಗಳಲ್ಲೇ ಆ ನಗರಕ್ಕೆ ಅಂಟಿಕೊಂಡ ಸ್ಮೆಥ್ವಿಕ್‌ನಲ್ಲಿ, ಕರಿಯರು ನೆರೆಮನೆಗೆ ಬರಬಾರದೆಂಬ ವಿಷವನ್ನೇ ಬಂಡವಾಳ ಮಾಡಿಕೊಂಡು 1964ರ ಚುನಾವಣೆ ನಡೆದಿತ್ತು. ಬಣ್ಣ ನೋಡಿ ಮನೆ ನಿರಾಕರಿಸುವುದು ಬ್ರಿಟನ್ನಿನಲ್ಲಿ ಕಾನೂನುಬಾಹಿರವಾದದ್ದು 1968ರಲ್ಲಿ. ಅಲ್ಲಿನ ಮಾಲೀಕರು ತಾವಾಗಿ ಒಳ್ಳೆಯವರಾಗುವುದನ್ನು ಕಾಯುತ್ತಾ ಕೂತಿದ್ದರೆ ಇಂದಿನ ನಮ್ಮ ಮಕ್ಕಳಿಗೂ ಅಲ್ಲಿ ಬಾಗಿಲು ಮುಚ್ಚಿರುತ್ತಿತ್ತು. ಅದಕ್ಕೇ ಜರ್ಮನಿಯ ಆ ಕಾಗದಗಳ ಕಾಟವನ್ನು ಬೈಯುವಾಗ ನಾನು ಅರ್ಧಕ್ಕೆ ನಿಲ್ಲಿಸುತ್ತೇನೆ. ಕಾಗದ ಕಠಿಣ, ಹೊಸಬರನ್ನು ಅದು ಸತಾಯಿಸುತ್ತದೆ. ಆದರೆ ಅದು ಕೇಳುವ ಪ್ರಶ್ನೆಗೆ ಉತ್ತರ ಗಳಿಸಿಕೊಳ್ಳಬಹುದು. ಯಾವ ಜನ ಎಂಬ ಪ್ರಶ್ನೆಗೆ ಗಳಿಸಿಕೊಳ್ಳುವ ಉತ್ತರವಿಲ್ಲ.

ನಮ್ಮ ಹೊಸೂರಿನ ಟು-ಲೆಟ್ ಬೋರ್ಡಿನ ಕೆಳಗೆ ನಿಂತು ಕೇಳಿ ನೋಡಿ. ವೆಜ್ಜಾ ನಾನ್‌ವೆಜ್ಜಾ, ಮದುವೆಯಾಗಿದೆಯಾ, ಯಾವ ಊರು, ಯಾವ ಜನ, ಎಷ್ಟು ಮಂದಿ ಬರುತ್ತಾರೆ. ಬಾಡಿಗೆ ಕಟ್ಟುವ ಶಕ್ತಿ ಇದೆಯೇ ಎಂಬುದು ಕೊನೆಯ ಪ್ರಶ್ನೆ. ತಮಿಳುನಾಡಿನ 2017ರ ಬಾಡಿಗೆ ಕಾಯ್ದೆ 2019ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕರಾರು ಬರಹದಲ್ಲಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಬೇರೆ ಒಪ್ಪಂದವಿಲ್ಲದಿದ್ದರೆ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚಿನ ಅಡ್ವಾನ್ಸ್ ಕೂಡದು. ಜರ್ಮನಿಯ ಕಾನೂನಿನಲ್ಲೂ ಮಿತಿ ಮೂರು ತಿಂಗಳೇ. ಅಲ್ಲಿ ಆ ಹಣವನ್ನು ಮೂರು ಕಂತಿನಲ್ಲಿ ಕಟ್ಟಬಹುದು, ಮಾಲೀಕ ಅದನ್ನು ತನ್ನ ಹಣದಿಂದ ಬೇರೆಯಾಗಿಟ್ಟು ಬಡ್ಡಿಯ ಸಮೇತ ಕಾಯಬೇಕು. ಮಗಳ ಠೇವಣಿ ಅಲ್ಲಿ ಭದ್ರವಾಗಿದೆಯೆಂದು ಕೇಳಿ ನೆಮ್ಮದಿಪಡುವ ಮಾಲೀಕರು, ಮೇಲಿನ ಪೋರ್ಷನ್ನಿನ ಹುಡುಗರು ಖಾಲಿ ಮಾಡುವ ದಿನ ಸುಣ್ಣಬಣ್ಣದ ಹೆಸರಿನಲ್ಲಿ ಎಷ್ಟು ಹಿಡಿದುಕೊಳ್ಳುತ್ತಾರೆ?

ತಳಿ, ಕೆಲಮಂಗಲ, ಡೆಂಕಣಿಕೋಟೆ ಕಡೆಯ ಮಕ್ಕಳಿಗೆ ಒಂದು ಅನುಕೂಲವಿದೆ, ಅದನ್ನು ಅವರು ಬಳಸಿಕೊಳ್ಳಬೇಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು ಎಂದು ಬೆಳೆದವರು ಅವರು. ಪಾಸ್‌ಪೋರ್ಟಿನಲ್ಲಿ ತಮಿಳುನಾಡು ಎಂದಿದ್ದರೂ ಕನ್ನಡ ಸಂಘದ ಬಾಗಿಲನ್ನು ಹಕ್ಕಿನಿಂದ ತಟ್ಟಬಹುದು, ತಮಿಳು ಸಂಘದ್ದನ್ನೂ ತಟ್ಟಬಹುದು. ಸಂಕೋಚ ಬೇಡ. ಪರದೇಶದ ಕನ್ನಡ ಸಂಘಗಳಲ್ಲೂ ನನ್ನದೊಂದು ಕೇಳಿಕೆಯಿದೆ. ಯುಗಾದಿ, ರಾಜ್ಯೋತ್ಸವ ಚೆನ್ನಾಗಿ ನಡೆಯಲಿ. ಅದರ ಜೊತೆಗೆ ಹೊಸ ಸೆಮಿಸ್ಟರಿನ ಮುಂಚಿನ ಎರಡು ತಿಂಗಳು, ಊರಿನಿಂದ ಬರಲಿರುವ ವಿದ್ಯಾರ್ಥಿಯ ಪರವಾಗಿ ಮನೆ ನೋಡಿ ಬರುವ, ಕರಾರು ಓದಿ ಹೇಳುವ, ಬೇಕಾದರೆ ಖಾತರಿ ಸಹಿ ಹಾಕುವ ನಾಲ್ಕು ಮಂದಿಯನ್ನು ಗೊತ್ತು ಮಾಡಲಿ. ಬಂದವನು ಗಡಿಯ ಯಾವ ಕಡೆಯವನು, ಯಾವ ಮನೆತನದವನು ಎಂದು ಕೇಳದೆ ಮಾಡಲಿ.

ಇಲ್ಲಿ ಹೊಸೂರಿನಲ್ಲಿ ಮಾಡಬೇಕಾದದ್ದು ಇನ್ನೂ ಸುಲಭ. ಮೇಲಿನ ಮನೆಗೆ ಬಂದ ಹುಡುಗರಿಗೆ ಕರಾರನ್ನು ಅವರು ಓದಬಲ್ಲ ಭಾಷೆಯಲ್ಲೂ ಒಂದು ಪ್ರತಿ ಬರೆಸಿಕೊಡಿ, ಅಡ್ವಾನ್ಸಿಗೆ ರಸೀದಿ ಕೊಡಿ, ಅವರು ಬಿಟ್ಟು ಹೋಗುವಾಗ ಬಾಡಿಗೆ ಸರಿಯಾಗಿ ಕಟ್ಟಿದ್ದರೆಂದು ನಾಲ್ಕು ಸಾಲು ಬರೆದು ಸಹಿ ಹಾಕಿ ಕೊಡಿ. ಮುಂದಿನ ಊರಿನಲ್ಲಿ ಅವರಿಗೆ ತೋರಿಸಲು ಅದೊಂದು ಕಾಗದವಾದರೂ ಇರುತ್ತದೆ.