‘ಡಿಸಾಸ್ಟರ್’: ವಿಕೋಪವೋ ವಿಪತ್ತೋ?

ಇಂಗ್ಲಿಷಿನ ‘ಡಿಸಾಸ್ಟರ್’ ಪದಕ್ಕೆ ಕನ್ನಡದ ಆಡಳಿತ ಭಾಷೆಯಲ್ಲಿ ಎರಡು ಪರ್ಯಾಯಗಳು ಬಳಕೆಯಲ್ಲಿವೆ. ರಾಜ್ಯದ ನಿರ್ವಹಣಾ ಪ್ರಾಧಿಕಾರದ ಹೆಸರಿನಲ್ಲಿ ಅದು ‘ವಿಪತ್ತು’. ಮಳೆ ಬರಗಳ ಮಾಹಿತಿ ನೀಡುವ ಉಸ್ತುವಾರಿ ಕೇಂದ್ರದ ಹೆಸರಿನಲ್ಲಿ ಅದು ‘ನೈಸರ್ಗಿಕ ವಿಕೋಪ’. ಇವೆರಡನ್ನೂ ಸಮಾನಾರ್ಥಕಗಳೆಂದು ಭಾವಿಸುವುದು ವಾಡಿಕೆ. ಆದರೆ ಇವುಗಳ ನಡುವಿನ ಅಂತರ ಕೇವಲ ನಿಘಂಟಿಗೆ ಸಂಬಂಧಿಸಿದ್ದಲ್ಲ.

‘ಡಿಸಾಸ್ಟರ್’ ಪದದ ಮೂಲ ಇಟಾಲಿಯನ್ ಭಾಷೆಯಲ್ಲಿದೆ. ಕೆಟ್ಟ ನಕ್ಷತ್ರದಿಂದ ಒದಗಿದ ಕೇಡು ಎಂಬುದು ಅದರ ಹಿಂದಿನ ಕಲ್ಪನೆ. ಜಾತಕದ ‘ಜಲಗಂಡ’ವನ್ನು ಬಲ್ಲ ಕನ್ನಡಿಗರಿಗೆ ಇದು ಹೊಸದಲ್ಲ. ಆದರೆ 2005ರ ವಿಪತ್ತು ನಿರ್ವಹಣಾ ಅಧಿನಿಯಮವು ಈ ಅರ್ಥವನ್ನು ಬಹುದೂರ ದಾಟಿದೆ. ಅದರ ವ್ಯಾಖ್ಯೆಯಲ್ಲಿ ನೈಸರ್ಗಿಕ ಕಾರಣಗಳೊಡನೆ ಮಾನವಕೃತ ಕಾರಣ, ಅಪಘಾತ, ನಿರ್ಲಕ್ಷ್ಯಗಳೂ ಸೇರಿವೆ. ಒದಗಿದ ಹಾನಿಯು ಆ ಪ್ರದೇಶದ ಸಮುದಾಯದ ನಿಭಾಯಿಸುವ ಶಕ್ತಿಯನ್ನು ಮೀರಿರಬೇಕೆಂಬುದು ಅಲ್ಲಿನ ಮುಖ್ಯ ಅಳತೆಗೋಲು.

‘ವಿಕೋಪ’ವಾದರೋ ಓದುಗರನ್ನು ಹಳೆಯ ಅರ್ಥಕ್ಕೇ ಮರಳಿಸುತ್ತದೆ, ನಕ್ಷತ್ರವಿದ್ದ ಜಾಗದಲ್ಲಿ ಮುನಿದ ಪ್ರಕೃತಿಯನ್ನು ಕೂರಿಸುತ್ತದೆ. ಕೆರೆ ಒತ್ತುವರಿಯಾಗಿ, ರಾಜಕಾಲುವೆ ಮುಚ್ಚಿಹೋಗಿ ಮನೆಗಳಿಗೆ ನೀರು ನುಗ್ಗಿದಾಗಲೂ ‘ಪ್ರಕೃತಿ ವಿಕೋಪ’ವೆಂದೇ ಬರೆದರೆ, ಹೊಣೆ ಹೊರಬೇಕಾದವರು ವಾಕ್ಯದಿಂದಲೇ ಮರೆಯಾಗುತ್ತಾರೆ.

ಈ ಹಿನ್ನೆಲೆಯಲ್ಲಿ ಜನಭಾಷೆಯ ವಿವೇಕವನ್ನು ಗಮನಿಸಬೇಕು. ಅತಿವೃಷ್ಟಿಯಿಂದ ಬೆಳೆ ಹೊಲದಲ್ಲೇ ಕೊಳೆತಾಗ ಉತ್ತರ ಕರ್ನಾಟಕದ ರೈತರು ಅದನ್ನು ‘ಹಸಿ ಬರ’ ಎನ್ನುತ್ತಾರೆ. ಮಳೆ ಹೆಚ್ಚಾದುದನ್ನೂ ಬರವೆನ್ನುವುದು ಮೇಲ್ನೋಟಕ್ಕೆ ವಿರೋಧಾಭಾಸ. ಆದರೆ ಇಲ್ಲಿ ಹೆಸರು ಹುಟ್ಟಿರುವುದು ಕಾರಣದಿಂದಲ್ಲ, ಪರಿಣಾಮದಿಂದ: ಕಣಕ್ಕೆ ಕಾಳು ಬಾರದಿರುವುದೇ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿದಾಗ ಮಳೆಯ ಕೊರತೆಯೇ ಆರಂಭದ ಮಾನದಂಡವಾಗಿತ್ತು. ರೈತರ ‘ಬರ’ ಅದಕ್ಕಿಂತ ವಿಶಾಲವಾದುದು. ಬದುಕಿಗೆ ಬಿದ್ದ ಪೆಟ್ಟಿನಿಂದಲೇ ಕೇಡನ್ನು ಅಳೆಯುವುದರಲ್ಲಿ ಅದು ಅಧಿನಿಯಮದ ವ್ಯಾಖ್ಯೆಗೆ ‘ವಿಕೋಪ’ಕ್ಕಿಂತ ಹತ್ತಿರವಾಗಿದೆ.

ಆದುದರಿಂದ ‘ಡಿಸಾಸ್ಟರ್’ಗೆ ಎಲ್ಲ ಕಡತಗಳಲ್ಲೂ ‘ವಿಪತ್ತು’ ಎಂಬ ಒಂದೇ ಪದ ನೆಲೆಗೊಳ್ಳುವುದು ಸೂಕ್ತ. ಕಾರಣವನ್ನು ಮೊದಲೇ ತೀರ್ಮಾನಿಸದಿರುವುದು ಆ ಪದದ ಗುಣ. ಆದರೆ ಒಂದು ಪದದ ಏಕರೂಪತೆ ಜನರ ಹಲವು ಪದಗಳನ್ನು ನುಂಗಬಾರದು. 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವಿರುವ ಗೊಟಗೋಡಿಯ ಸುತ್ತಣ ಶಿಗ್ಗಾಂವಿ, ಹಾನಗಲ್ಲ, ಸವಣೂರು, ಹಿರೇಕೆರೂರು ಸೀಮೆ ಮಳೆಯನ್ನೇ ನೆಚ್ಚಿದ ಒಕ್ಕಲುತನದ ನೆಲ. ಬರ, ನೆರೆ, ಬೆಳೆರೋಗಗಳಿಗೆ ಇಲ್ಲಿನ ರೈತರಾಡುವ ಪದಗಳನ್ನು ಅವುಗಳ ಸಂದರ್ಭಸಹಿತ ಸಂಗ್ರಹಿಸುವುದು ಕನ್ನಡ ಸಂಶೋಧಕರು ಕೈಗೊಳ್ಳಬೇಕಾದ ಕೆಲಸ. ಕೇಡಿಗೆ ಸರಿಯಾದ ಹೆಸರಿಲ್ಲದೆ ಹೋದರೆ ಪರಿಹಾರದ ಅರ್ಜಿಯೂ ಅರ್ಥವಾಗದೆ ಉಳಿಯುತ್ತದೆ.